ಗ್ಯಾರೇಜಿನ ಕಟ್ಟೆ: ಟೈಮಿಂಗ್ ಬೆಲ್ಟ್ ಕಟ್ ಆದ ಮೇಲೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಎಂಜಿನ್‌ನ ಟೈಮಿಂಗ್ ಬೆಲ್ಟ್. ಮೊದಲನೆಯದು ಸ್ವಲ್ಪ ಉದ್ದ ಇದೆ. ಆದರೂ ಕತ್ತರಿಸದೆ ಹಾಕಿದ್ದೇನೆ. ಇದನ್ನು ಬರೆದವರಿಗೆ ಆದದ್ದು ನಮ್ಮ ಯಾರಿಗೆ ಬೇಕಾದರೂ ಆಗಬಹುದು.

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ತೀರ್ಥಹಳ್ಳಿ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. 2021ರಲ್ಲಿ ಒಂದು ಡೀಸೆಲ್ ಕಾರು ಸೆಕೆಂಡ್ ಹ್ಯಾಂಡ್ ತಗೊಂಡೆ. 2014ರ ಮಾಡೆಲ್. ಆಗ 68,000 ಕಿಲೋಮೀಟರ್ ಓಡಿತ್ತು, ಈಗ 94,000. ವರ್ಷಕ್ಕೊಮ್ಮೆ ತಪ್ಪದೆ ಸರ್ವಿಸ್ ಮಾಡಿಸಿದ್ದೇನೆ. ಹೋದ ತಿಂಗಳು ಅಮ್ಮನ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಆಗುಂಬೆ ಘಾಟಿ ಹತ್ತುತ್ತಿದ್ದೆ. ಎರಡನೇ ಗೇರ್‌ನಲ್ಲಿದ್ದೆ. ಇದ್ದಕ್ಕಿದ್ದ ಹಾಗೆ ಎಂಜಿನ್ ನಿಂತುಹೋಯಿತು. ಕೆಮ್ಮಲಿಲ್ಲ, ಹೊಗೆ ಬರಲಿಲ್ಲ, ಯಾರೋ ಸ್ವಿಚ್ ಆರಿಸಿದ ಹಾಗೆ. ಸ್ಟಿಯರಿಂಗ್ ಕಲ್ಲಿನ ಹಾಗೆ ಆಯಿತು. ಹೇಗೋ ಬದಿಗೆ ನಿಲ್ಲಿಸಿದೆ. ನಾಲ್ಕೈದು ಸಲ ಸೆಲ್ಫ್ ಹೊಡೆದೆ. ಮಾಮೂಲಿಗಿಂತ ಜೋರಾಗಿ, ಹಗುರವಾಗಿ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಹಿಂದೆ ಬಂದ ಜೀಪಿನವರು ಇಳಿದು ನೋಡಿ, "ಡೀಸೆಲ್‌ನಲ್ಲಿ ಏರ್ ಹಿಡಿದಿದೆ ಮೇಡಂ" ಎಂದು ಪಂಪ್ ಒತ್ತಿ, ಅವರೂ ಮೂರು ಸಲ ಸೆಲ್ಫ್ ಹೊಡೆದರು. ಕೊನೆಗೆ ಟೋಯಿಂಗ್ ಗಾಡಿ ಕರೆಸಿದೆವು. ಅಮ್ಮ ಮಳೆಯಲ್ಲಿ ಎರಡೂವರೆ ಗಂಟೆ ಕಾರಿನಲ್ಲೇ ಕೂತಿದ್ದರು. ಮೆಕ್ಯಾನಿಕ್ ಟೈಮಿಂಗ್ ಬೆಲ್ಟ್ ಕಟ್ ಆಗಿದೆ, ವಾಲ್ವ್ ಬೆಂಡ್ ಆಗಿರುತ್ತದೆ, ಹೆಡ್ ಬಿಚ್ಚಬೇಕು, 70ರಿಂದ 80 ಸಾವಿರ ಆಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು, 60 ಸಾವಿರಕ್ಕೆ ಹಳೇ ಎಂಜಿನ್ ಸಿಗುತ್ತದೆ, ಅದನ್ನೇ ಕೂರಿಸೋಣ ಎನ್ನುತ್ತಾರೆ. ಪದೇ ಪದೇ ಸೆಲ್ಫ್ ಹೊಡೆದದ್ದರಿಂದ ನಾನೇ ಎಂಜಿನ್ ಹಾಳು ಮಾಡಿದೆನಾ? ಪ್ರತಿ ವರ್ಷ ಸರ್ವಿಸ್ ಮಾಡಿಸಿಯೂ ಹೀಗೆ ಯಾಕಾಯಿತು? ಇನ್ಶೂರೆನ್ಸ್ ಸಿಗುತ್ತದಾ? ಯಾವ ದಾರಿ ಹಿಡಿಯಲಿ?

ಉತ್ತರ: ಟೀಚರ್, ಮೊದಲು ನಿಮ್ಮ ಮನಸ್ಸಿನಲ್ಲಿರುವ ಭಾರ ಇಳಿಸೋಣ. ನೀವು ಕೀ ಮುಟ್ಟುವ ಮೊದಲೇ ಆಗಬೇಕಾದದ್ದು ಹೆಚ್ಚುಕಡಿಮೆ ಆಗಿಹೋಗಿತ್ತು. ಯಾಕೆ ಅಂತ ಹೇಳುತ್ತೇನೆ.

ಎಂಜಿನ್‌ನಲ್ಲಿ ಕೆಳಗೆ ಕ್ರ್ಯಾಂಕ್ ಇದೆ, ಅದು ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಓಡಿಸುತ್ತದೆ. ಮೇಲೆ, ಎಂಜಿನ್ ಮುಚ್ಚಳದ ಹಾಗಿರುವ ಹೆಡ್‌ನಲ್ಲಿ ಕ್ಯಾಮ್ ಇದೆ, ಅದು ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದ ಹಾಗೆ ಎರಡನ್ನೂ ಕಟ್ಟಿಹಾಕಿರುವುದು ಒಂದು ಹಲ್ಲಿನ ರಬ್ಬರ್ ಬೆಲ್ಟ್. ಅಗಲ ಎರಡೂವರೆ ಸೆಂಟಿಮೀಟರ್ ಆಸುಪಾಸು. ನೀವು ಘಾಟಿಯಲ್ಲಿ 2,000 ಆರ್‌ಪಿಎಂನಲ್ಲಿ ಹತ್ತುತ್ತಿದ್ದಿರಿ ಅಂತ ಇಟ್ಟುಕೊಳ್ಳಿ. ಅಂದರೆ ಕ್ರ್ಯಾಂಕ್ ನಿಮಿಷಕ್ಕೆ 2,000 ಸುತ್ತು, ಒಂದೊಂದು ಪಿಸ್ಟನ್ ಸೆಕೆಂಡಿಗೆ 33 ಸಲ ಮೇಲೆ ಬಂದು ಹೋಗುತ್ತಿತ್ತು. ಬೆಲ್ಟ್ ಕಟ್ ಆದ ತಕ್ಷಣ ಕ್ಯಾಮ್ ನಿಂತುಬಿಡುತ್ತದೆ. ಅದು ಎಲ್ಲಿ ನಿಂತರೂ ಯಾವುದಾದರೂ ಒಂದೆರಡು ವಾಲ್ವ್ ತೆರೆದೇ ಇರುತ್ತವೆ. ಕ್ರ್ಯಾಂಕ್ ಮಾತ್ರ ನಿಲ್ಲುವುದಿಲ್ಲ. ಅದರ ತುದಿಯ ಭಾರದ ಚಕ್ರವಾದ ಫ್ಲೈವೀಲ್‌ನ ಓಟ ಇದೆ, ಗೇರ್‌ನಲ್ಲಿದ್ದರೆ ಕಾರಿನ ಚಕ್ರಗಳೂ ಅದನ್ನು ತಿರುಗಿಸುತ್ತವೆ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದು ನಿಂತಾಗ ಹೆಡ್‌ಗೂ ಅದಕ್ಕೂ ನಡುವೆ ಒಂದು ಮಿಲಿಮೀಟರ್ ಆಸುಪಾಸು ಜಾಗ ಇರುತ್ತದೆ, ಅಷ್ಟೇ. ಕೆಳಗೆ ಇಳಿದು ನಿಂತ ವಾಲ್ವ್‌ಗೆ ತಪ್ಪಿಸಿಕೊಳ್ಳಲು ದಾರಿ ಎಲ್ಲಿದೆ? ಹೊಡೆತ ಬಿದ್ದೇ ಬೀಳುತ್ತದೆ. ಇಷ್ಟೂ ನಡೆಯುವುದು ನಿಮ್ಮ ಕಾಲು ಕ್ಲಚ್ ಮೇಲೆ ಹೋಗುವಷ್ಟರಲ್ಲಿ.

ಹಾಗಂತ ಆಮೇಲೆ ಸೆಲ್ಫ್ ಹೊಡೆದದ್ದು ಒಳ್ಳೆಯದಾಯಿತು ಅಂತ ಅಲ್ಲ. ಬೆಂಡ್ ಆದ ವಾಲ್ವ್‌ಗೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಅದರ ತಲೆ ಮುರಿದು ಸಿಲಿಂಡರ್ ಒಳಗೆ ಬೀಳಬಹುದು. ಹಾಗೆ ಬಿದ್ದರೆ ಪಿಸ್ಟನ್, ಅದು ಓಡಾಡುವ ಲೈನರ್ ಎಲ್ಲ ಹೋಗುತ್ತದೆ. ನಿಮ್ಮ ಕಾರನ್ನು ಯಾರೂ ತಳ್ಳಿ ಸ್ಟಾರ್ಟ್ ಮಾಡಲು ಹೋಗಲಿಲ್ಲವಲ್ಲ, ಅದೇ ದೊಡ್ಡ ಪುಣ್ಯ. ಗೇರ್‌ಗೆ ಹಾಕಿ ಇಳಿಜಾರಿನಲ್ಲಿ ಬಿಟ್ಟಿದ್ದರೆ ಸೆಲ್ಫ್ ಮೋಟಾರಿಗಿಂತ ಎಷ್ಟೋ ಪಟ್ಟು ಜಾಸ್ತಿ ಬಲ ಬೀಳುತ್ತಿತ್ತು. ಜೀಪಿನವರ ಮೇಲೂ ಬೇಸರ ಬೇಡ. ಅವರು ಒಳ್ಳೇ ಮನಸ್ಸಿನಿಂದಲೇ ಮಾಡಿದ್ದಾರೆ. ಹಳೇ ಡೀಸೆಲ್ ಗಾಡಿ ಓಡಿಸಿದವರಿಗೆ ಮೊದಲು ತಲೆಗೆ ಬರುವುದು ಏರ್ ಲಾಕ್.

ಉಳಿದ ಓದುಗರು ಇಲ್ಲಿ ಒಂದು ವಿಷಯ ಗಮನಿಸಿ. ಟೀಚರ್ ಬರೆದಿದ್ದಾರೆ: ಸೆಲ್ಫ್ ಮಾಮೂಲಿಗಿಂತ ಹಗುರವಾಗಿ ತಿರುಗಿತು. ಗುರುತು ಅದೇ. ಸರಿ ಇರುವ ಎಂಜಿನ್‌ಗೆ ಸೆಲ್ಫ್ ಹೊಡೆದರೆ ಒಂದು ಲಯ ಕೇಳುತ್ತದೆ. ಒಂದೊಂದು ಸಿಲಿಂಡರ್ ಗಾಳಿ ಒತ್ತುವಾಗ ಮೋಟಾರ್ ತಿಣುಕುತ್ತದೆ, ಮತ್ತೆ ಸಡಿಲವಾಗುತ್ತದೆ. ಬೆಲ್ಟ್ ಹೋಗಿದ್ದರೆ ಒತ್ತಡವೇ ಇಲ್ಲ. ಮಿಕ್ಸಿ ಖಾಲಿ ಓಡಿದ ಹಾಗೆ ಒಂದೇ ಸಮ ಸುಯ್ಯೆನ್ನುತ್ತದೆ. ಓಡುತ್ತಿದ್ದ ಕಾರು ಮುನ್ಸೂಚನೆ ಇಲ್ಲದೆ ನಿಂತಿದೆ, ಸೆಲ್ಫ್ ಹೀಗೆ ಕೇಳಿಸಿದೆ ಅಂದರೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಯಾರು ಏನೇ ಹೇಳಿದರೂ ಇನ್ನೊಂದು ಸಲ ತಿರುಗಿಸಬೇಡಿ.

ಘಾಟಿಯಲ್ಲಿ ನಿಂತರೆ ಇನ್ನೂ ಎರಡು ಎಚ್ಚರ ಬೇಕು. ಎಂಜಿನ್ ನಿಂತ ಮೇಲೆ ಬ್ರೇಕ್ ಎರಡು ಮೂರು ಸಲ ಮಾತ್ರ ಮೆತ್ತಗೆ ಸಿಗುತ್ತದೆ. ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಬ್ರೇಕ್ ಹೋಯಿತು ಅಂತ ಗಾಬರಿ ಬೇಡ, ಮೈಭಾರ ಹಾಕಿ ಒತ್ತಿದರೆ ಹಿಡಿಯುತ್ತದೆ. ಆದರೆ ಸುಮ್ನೆ ಒತ್ತಿ ಬಿಟ್ಟು ಮಾಡಿ ಆ ಎರಡು ಮೂರು ಸಲವನ್ನು ಕಳೆದುಕೊಳ್ಳಬೇಡಿ. ಇನ್ನೊಂದು, ಇಳಿಜಾರಿನಲ್ಲಿ ಕಾರು ನಿಲ್ಲಿಸಿದಾಗ ಗೇರ್‌ಗೆ ಹಾಕಿ ಬಿಡುವುದು ನಮಗೆಲ್ಲ ರೂಢಿ. ಬೆಲ್ಟ್ ಕಟ್ ಆದ ಕಾರಿಗೆ ಹಾಗೆ ಮಾಡಬೇಡಿ. ಕಾರು ಒಂದಡಿ ಜರುಗಿದರೂ ಕ್ರ್ಯಾಂಕ್ ತಿರುಗುತ್ತದೆ, ಪಿಸ್ಟನ್ ಮತ್ತೆ ವಾಲ್ವ್‌ಗೆ ಒತ್ತುತ್ತದೆ. ನ್ಯೂಟ್ರಲ್‌ನಲ್ಲಿಡಿ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ, ಚಕ್ರಕ್ಕೆ ದೊಡ್ಡ ಕಲ್ಲು ಕೊಡಿ. ಹಗ್ಗ ಕಟ್ಟಿ ಎಳೆಸುವುದು ಘಾಟಿಯಲ್ಲಂತೂ ಬೇಡವೇ ಬೇಡ. ನೀವು ಟೋಯಿಂಗ್ ಗಾಡಿಗೆ ಕಾದದ್ದು ಸರಿಯಾಯಿತು, ಅಮ್ಮನಿಗೆ ಕಷ್ಟವಾದರೂ.

ಇನ್ನು ಸರ್ವಿಸ್ ವಿಷಯ. ನಿಮ್ಮ ಬಿಲ್‌ಗಳ ಫೋಟೋ ನೋಡಿದೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಒಮ್ಮೆ ಬ್ರೇಕ್ ಪ್ಯಾಡ್. ಎಲ್ಲ ಸರಿ ಇದೆ. ಟೈಮಿಂಗ್ ಬೆಲ್ಟ್ ಅನ್ನುವ ಸಾಲು ಎಲ್ಲೂ ಇಲ್ಲ. ವರ್ಷದ ಸರ್ವಿಸ್ ಅಂದರೆ ನಮ್ಮಲ್ಲಿ ಆಯಿಲ್ ಬದಲಾಯಿಸುವುದು ಅಂತಲೇ ಆಗಿಹೋಗಿದೆ. ಬೆಲ್ಟ್ ಕವರ್ ಒಳಗಿದೆ, ಕಣ್ಣಿಗೆ ಬೀಳುವುದಿಲ್ಲ, ಶಬ್ದ ಮಾಡುವುದಿಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನಿಮಗೆ ಹೇಳಬೇಕಾಗಿದ್ದದ್ದು ನಿಮ್ಮ ಕಾರು ಮುಟ್ಟಿದ ಮೆಕ್ಯಾನಿಕ್‌ಗಳು. ನಮ್ಮ ಕಸುಬಿನವರ ತಪ್ಪು ಇದು, ಟೀಚರ್ ತಪ್ಪಲ್ಲ.

ಇಷ್ಟಕ್ಕೂ ಕಿಲೋಮೀಟರ್ ಒಂದೇ ಲೆಕ್ಕ ಅಲ್ಲ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಎರಡೂ ಬರೆದಿರುತ್ತಾರೆ: ಇಷ್ಟು ಕಿಲೋಮೀಟರ್, ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು. ಜನ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ, ಅಲ್ವಾ? ಎಂಜಿನ್ ಬಿಸಿ, ಆಮೇಲೆ ತಂಪು, ಮತ್ತೆ ಬಿಸಿ. ನಿಮ್ಮ ಕಾರಿನ ಬೆಲ್ಟ್ ಕಂಪನಿಯಿಂದ ಬಂದದ್ದೇ ಆಗಿದ್ದರೆ ಹತ್ತು ವರ್ಷ ದಾಟಿದೆ.

ನೀವು ಕಳಿಸಿದ ಬೆಲ್ಟ್ ತುಂಡಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬೆನ್ನು ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತಿದೆ. ಅಂಚಿನಲ್ಲಿ ಬಿಳಿ ಎಳೆಗಳು ಹೊರಗೆ ಬಂದಿವೆ. ಬೆಲ್ಟ್‌ಗೆ ಬಲ ಕೊಡುವುದು ರಬ್ಬರ್ ಅಲ್ಲ, ಈ ಗಾಜಿನ ನಾರಿನ ಎಳೆಗಳು. ಒಂದು ಕಡೆ ಎಂಟು ಹತ್ತು ಹಲ್ಲು ಸಾಲಾಗಿ ಕಿತ್ತುಬಂದು ಮೈ ಬೋಳಾಗಿದೆ. ಆ ಬೋಳು ಜಾಗದ ಪಕ್ಕದಲ್ಲಿ ಒದ್ದೆಯ ಕಲೆ ಇದೆ, ಕಪ್ಪಗೆ, ಉಬ್ಬಿದ ಹಾಗೆ. ನನ್ನ ಅನುಭವದಲ್ಲಿ ಅದು ಆಯಿಲ್. ಕ್ಯಾಮ್ ಅಥವಾ ಕ್ರ್ಯಾಂಕ್ ಆಯಿಲ್ ಸೀಲ್ ಸೋರುತ್ತಿತ್ತು ಅನ್ನಿಸುತ್ತದೆ. ನಿಮ್ಮ ಮೆಕ್ಯಾನಿಕ್‌ಗೆ ಇದನ್ನು ತಪ್ಪದೆ ತೋರಿಸಿ. ಸೀಲ್ ಬದಲಾಯಿಸದೆ ಹೊಸ ಬೆಲ್ಟ್ ಹಾಕಿದರೆ ಅದಕ್ಕೂ ಇದೇ ಗತಿ.

ಈಗ ಯಾವ ದಾರಿ ಅನ್ನುವುದಕ್ಕೆ ಬರುತ್ತೇನೆ. 80 ಸಾವಿರ ಅಂತ ಈಗಲೇ ಒಪ್ಪಿಕೊಳ್ಳಬೇಡಿ, 60 ಸಾವಿರದ ಎಂಜಿನ್‌ಗೂ ಹೂಂ ಅನ್ನಬೇಡಿ. ಮೊದಲು ಏನು ಹಾಳಾಗಿದೆ ಅಂತ ಗೊತ್ತಾಗಲಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಇಲ್ಲವೇ ಸ್ಟಾರ್ಟ್‌ಗೆ ಬಿಸಿ ಕೊಡುವ ಗ್ಲೋ ಪ್ಲಗ್ ತೆಗೆದು, ಆ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆ ನೋಡಬಹುದು. ಹೊಡೆತ ಬಿದ್ದಿದ್ದರೆ ಅರ್ಧಚಂದ್ರದ ಗುರುತು ಹೊಳೆಯುತ್ತದೆ. ಗುರುತು ಕಂಡರೆ ಹೆಡ್ ಬಿಚ್ಚದೆ ಬೇರೆ ದಾರಿ ಇಲ್ಲ.

ಹೆಡ್ ಬಿಚ್ಚುವ ದಿನ ನೀವು ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ನಿಂತುಕೊಳ್ಳಿ. ಹೆಡ್ ಅನ್ನು ಮೇಜಿನ ಮೇಲೆ ಪಕ್ಕಕ್ಕೆ ಮಲಗಿಸಿ, ಗಾಳಿ ಹೋಗುವ ದಾರಿಗಳಿಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಹುಯ್ಯಲು ಹೇಳಿ. ವಾಲ್ವ್ ನೆಟ್ಟಗಿದ್ದರೆ ಹನಿಯೂ ಇಳಿಯುವುದಿಲ್ಲ. ಬೆಂಡ್ ಆಗಿದ್ದರೆ ವಾಲ್ವ್ ಕೂರುವ ಸೀಟಿನ ಸುತ್ತ ಗೆರೆಯ ಹಾಗೆ ಜಿನುಗುತ್ತದೆ. ಎಷ್ಟು ವಾಲ್ವ್ ಹೋಗಿವೆ ಅಂತ ನೀವೇ ಎಣಿಸಬಹುದು. ಆಮೇಲೆ ವಾಲ್ವ್‌ಗಳನ್ನು ಬಿಚ್ಚಿ, ಒಂದೊಂದನ್ನೂ ಗಾಜಿನ ಹಲಗೆ ಮೇಲೆ, ತಲೆ ಅಂಚಿನಿಂದ ಹೊರಗೆ ಬರುವ ಹಾಗೆ ಇಟ್ಟು ಉರುಳಿಸಿ ನೋಡಲಿ. ನೆಟ್ಟಗಿರುವುದು ಮೆಲ್ಲಗೆ ಉರುಳುತ್ತದೆ. ಬೆಂಡ್ ಆದದ್ದರ ಕಡ್ಡಿ ಕುಂಟುತ್ತದೆ, ತಲೆ ತೂಗುತ್ತದೆ. ಕೂದಲೆಳೆಯಷ್ಟು ಬೆಂಡ್ ಇದ್ದರೂ ತಿಳಿಯುತ್ತದೆ. ಬೆಂಡ್ ಆದ ವಾಲ್ವ್ ಅನ್ನು ತಟ್ಟಿ ನೆಟ್ಟಗೆ ಮಾಡುತ್ತೇವೆ ಎಂದರೆ ಒಪ್ಪಬೇಡಿ. ಅದು ಮುಂದೊಂದು ದಿನ ಮುರಿಯುತ್ತದೆ.

ನಿಮ್ಮಂಥ ಡೀಸೆಲ್ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಬಹುತೇಕ ಓರೆಯಿಲ್ಲದೆ ಲಂಬವಾಗಿ ನಿಂತಿರುತ್ತವೆ. ಪಿಸ್ಟನ್ ಓರೆಯಾಗಿ ತಾಗದೆ ನೇರವಾಗಿ ಕೆಳಗಿನಿಂದ ಗುದ್ದುತ್ತದೆ. ಎಷ್ಟೋ ಸಲ ಆ ಪೆಟ್ಟನ್ನು ಮೇಲಿನ ರಾಕರ್, ಅಂದರೆ ವಾಲ್ವ್ ಒತ್ತುವ ಸಣ್ಣ ತೋಳು, ತಿಂದು ತಾನು ಮುರಿದು, ವಾಲ್ವ್ ಉಳಿಸುತ್ತದೆ. ಹಾಗಾಗಿದ್ದರೆ ಖರ್ಚು ಅರ್ಧಕ್ಕೂ ಇಳಿಯಬಹುದು. ಕ್ಯಾಮ್‌ನಲ್ಲಿ ಬಿರುಕು ಬಿಟ್ಟಿದೆಯಾ, ವಾಲ್ವ್ ಕಡ್ಡಿ ಓಡಾಡುವ ಗೈಡ್ ಒಡೆದಿದೆಯಾ ಎನ್ನುವುದನ್ನೂ ನೋಡಬೇಕು. ಪಿಸ್ಟನ್ ತಲೆಯ ಮೇಲೆ ಬರೀ ಗುರುತು ಇದ್ದರೆ ತೊಂದರೆ ಇಲ್ಲ, ಬಿರುಕು ಇದ್ದರೆ ಬದಲಾಯಿಸಲೇಬೇಕು. ಹೆಡ್ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಮಾತ್ರ ಅಲ್ಲ, ಹೆಡ್ ಬೋಲ್ಟ್‌ಗಳೂ ಹೊಸವು ಬೇಕು. ಈಗಿನ ಹೆಚ್ಚಿನ ಎಂಜಿನ್‌ಗಳಲ್ಲಿ ಅವು ಬಿಗಿ ಮಾಡುವಾಗ ಸ್ವಲ್ಪ ಹಿಗ್ಗುವ ಬೋಲ್ಟ್‌ಗಳು, ಒಂದೇ ಸಲಕ್ಕೆ.

ಹಳೇ ಎಂಜಿನ್ ಕೂರಿಸುವ ಮಾತು ನನಗೆ ಇಷ್ಟವಾಗಲಿಲ್ಲ. ಅದು ಎಷ್ಟು ಓಡಿದೆ, ಯಾವ ಗಾಡಿಯಿಂದ ಬಂತು, ಅದರ ಬೆಲ್ಟ್‌ಗೆ ಎಷ್ಟು ವಯಸ್ಸು, ಯಾವುದೂ ಗೊತ್ತಿರುವುದಿಲ್ಲ. ಎಂಜಿನ್ ನಂಬರ್ ಬದಲಾದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ತಿದ್ದಿಸಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಎಂಜಿನ್ ಎಲ್ಲಿಂದ ಬಂತು ಎನ್ನುವುದಕ್ಕೆ ಬಿಲ್ ಇಲ್ಲದಿದ್ದರೆ ನಾಳೆ ಪೊಲೀಸ್ ಮುಂದೆ ನಿಲ್ಲುವವರು ನೀವು. 94,000 ಓಡಿದ ನಿಮ್ಮ ಎಂಜಿನ್‌ನ ಕೆಳಭಾಗ ಇನ್ನೂ ಗಟ್ಟಿಯಾಗಿರುತ್ತದೆ, ಆಯಿಲ್ ಅನ್ನು ನೀವೇ ಸರಿಯಾಗಿ ಬದಲಾಯಿಸಿಕೊಂಡು ಬಂದಿದ್ದೀರಿ. ಪಿಸ್ಟನ್ ಒಡೆದಿಲ್ಲ ಅಂದರೆ ಹೆಡ್ ರಿಪೇರಿ ಮಾಡಿಸಿ. ನನ್ನ ತಂಗಿ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ.

ಇನ್ಶೂರೆನ್ಸ್ ಸಿಗುವುದು ಕಷ್ಟ. ಸಾಮಾನ್ಯ ಪಾಲಿಸಿಯಲ್ಲಿ ಸವೆತ ಮತ್ತು ಯಂತ್ರದ ಕೆಡುಕು ಸೇರುವುದಿಲ್ಲ ಅಂತ ನೇರವಾಗಿಯೇ ಬರೆದಿರುತ್ತಾರೆ. ಎಂಜಿನ್ ಪ್ರೊಟೆಕ್ಟ್ ಅಂತ ಜಾಸ್ತಿ ದುಡ್ಡು ಕಟ್ಟಿದ್ದರೂ ಅದು ಮುಖ್ಯವಾಗಿ ನೀರು ನುಗ್ಗಿದಾಗ, ಅಪಘಾತದಲ್ಲಿ ಆಯಿಲ್ ಸೋರಿ ಎಂಜಿನ್ ಹೋದಾಗ ಬರುವುದು. ಆದರೆ ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿದ್ದರೆ ಟೋಯಿಂಗ್ ಖರ್ಚು ಕೇಳಿ ನೋಡಿ. ಪಾಲಿಸಿ ಕಾಗದ ತೆಗೆದು ಅದೊಂದು ಸಾಲು ಹುಡುಕಿ.

ಅಮ್ಮನ ಕಣ್ಣು ಈಗ ಹೇಗಿದೆ, ಒಂದು ಸಾಲು ಬರೆಯಿರಿ.

ಪ್ರಶ್ನೆ: ನನ್ನದು 2010ರ ಇನ್ನೋವಾ, ಟ್ಯಾಕ್ಸಿ. ಮೀಟರ್‌ನಲ್ಲಿ ಟಿ-ಬೆಲ್ಟ್ ಅಂತ ದೀಪ ಹತ್ತಿದೆ. ಗಾಡಿ ಚೆನ್ನಾಗಿ ಓಡುತ್ತಿದೆ. ಸ್ಟ್ಯಾಂಡಿನವರು, "ಅದೇನಿಲ್ಲ, ರೀಸೆಟ್ ಮಾಡಿದರೆ ಹೋಗುತ್ತೆ" ಅನ್ನುತ್ತಾರೆ. ಸೀಸನ್ ಮುಗಿಯುವವರೆಗೆ ಓಡಿಸಬಹುದಾ? ಬೆಲ್ಟ್ ಹಾಕಿಸುವುದಾದರೆ ಬರೀ ಬೆಲ್ಟ್ ಸಾಕಾ? (ದಾವಣಗೆರೆ)

ಉತ್ತರ: ರೀಸೆಟ್ ಮಾಡಿದರೆ ದೀಪ ಹೋಗುತ್ತದೆ, ಹೌದು. ಬೆಲ್ಟ್ ಹಳೆಯದೇ ಇರುತ್ತದೆ. ಆ ದೀಪ ಬೆಲ್ಟ್ ನೋಡಿ ಹತ್ತುವುದಲ್ಲ. ಕಿಲೋಮೀಟರ್ ಎಣಿಸಿ ಹತ್ತುತ್ತದೆ, ಅಷ್ಟೇ. ಹಾಗಾಗಿ ಇನ್ನೊಂದು ಪ್ರಶ್ನೆಯೂ ಇದೆ. ಹಿಂದಿನ ಮಾಲೀಕರು ಬೆಲ್ಟ್ ಹಾಕಿಸದೆ ಒಮ್ಮೆ ರೀಸೆಟ್ ಮಾಡಿಸಿದ್ದರೆ? ಈಗ ಹತ್ತಿರುವುದು ಎರಡನೇ ಸಲದ ದೀಪವೂ ಇರಬಹುದು. ಬಿಲ್ ಇಲ್ಲದಿದ್ದರೆ ಬೆಲ್ಟ್ ಹಾಕಿಸಿಲ್ಲ ಅಂತಲೇ ತಿಳಿಯಿರಿ. ಸೀಸನ್ ಮುಗಿಯುವವರೆಗೆ ಕಾಯಬೇಡಿ. ಏಳು ಜನರನ್ನು ಕೂರಿಸಿಕೊಂಡು ರಾತ್ರಿ ಹೈವೇಯಲ್ಲಿ ಓಡುವ ಗಾಡಿ ಅದು. ನಡುರಸ್ತೆಯಲ್ಲಿ ಎಂಜಿನ್ ನಿಂತು, ಹಿಂದೆ ಲಾರಿ ಬರುತ್ತಿದ್ದರೆ ವಾಲ್ವ್ ಬೆಂಡ್ ಆದದ್ದು ಸಣ್ಣ ವಿಷಯವಾಗುತ್ತದೆ.

ಬರೀ ಬೆಲ್ಟ್ ಸಾಲದು. ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಮತ್ತು ಬೆಲ್ಟ್ ಸುತ್ತಿ ಹೋಗುವ ಐಡ್ಲರ್‌ಗಳು ಬೆಲ್ಟ್‌ನಷ್ಟೇ ಸುತ್ತಿರುತ್ತವೆ. ಅವುಗಳೊಳಗೆ ಬೇರಿಂಗ್ ಇದೆ. ಒಂದು ಬೇರಿಂಗ್ ಜಾಮ್ ಆದರೆ ನಿನ್ನೆ ಹಾಕಿದ ಬೆಲ್ಟ್ ಕೂಡ ಗಂಟೆಯೊಳಗೆ ಸುಟ್ಟು ಹೋಗುತ್ತದೆ. ಕೆಲವು ಕಾರುಗಳಲ್ಲಿ ವಾಟರ್ ಪಂಪ್ ಕೂಡ ಇದೇ ಬೆಲ್ಟ್‌ನಲ್ಲಿ ತಿರುಗುತ್ತದೆ. ಅಂಥ ಕಾರಿಗೆ ಪಂಪ್ ಜೊತೆಗೇ ಬದಲಾಯಿಸಿ. ಮೂರು ತಿಂಗಳ ನಂತರ ಪಂಪ್ ಸೋರಿದರೆ ಕೂಲಿ ಇನ್ನೊಮ್ಮೆ ಪೂರ್ತಿ ಕೊಡಬೇಕು, ಒದ್ದೆಯಾದ ಬೆಲ್ಟ್ ಎಸೆಯಬೇಕು. ಹೊರಗಿನ ಆಲ್ಟರ್ನೇಟರ್ ಬೆಲ್ಟ್ ಕೂಡ ನೋಡಿಸಿ. ಇದಕ್ಕೆ ಕಾರಣ ಇದೆ.

ಕೆಲವು ವರ್ಷದ ಹಿಂದೆ ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಾರು ನನ್ನ ಗ್ಯಾರೇಜಿಗೆ ಎಳೆದುಕೊಂಡು ಬಂತು. ಟೈಮಿಂಗ್ ಬೆಲ್ಟ್ ಹಾಕಿ ಒಂದೇ ವರ್ಷ ಆಗಿತ್ತು. ಹಾಕಿದವನು ನಾನೇ. ಕವರ್ ಬಿಚ್ಚಿದೆ. ಬೆಲ್ಟ್ ಕಟ್ ಆಗಿರಲಿಲ್ಲ, ಹಲ್ಲು ಹಾರಿ ಜರುಗಿತ್ತು. ಕ್ರ್ಯಾಂಕ್ ಪುಲ್ಲಿ ಹಿಂದೆ ಏನೋ ಕಪ್ಪಗೆ ಕಂಡಿತು. ಇಕ್ಕಳದಿಂದ ಹಿಡಿದು ಎಳೆದರೆ ಒಂದು ದಾರ ಬಂತು. ಎಳೆದಷ್ಟೂ ಬಂತು, ಒಂದು ಗೇಣಿಗಿಂತ ಉದ್ದ, ರಬ್ಬರ್ ಮೆತ್ತಿಕೊಂಡ ದಾರ. ಆಲ್ಟರ್ನೇಟರ್ ಬೆಲ್ಟ್‌ನ ಅಂಚು ಹರಿದು, ಆ ಎಳೆ ಪುಲ್ಲಿ ಸಂದಿಯಿಂದ ಕವರ್ ಒಳಗೆ ಸೇರಿ, ಟೈಮಿಂಗ್ ಬೆಲ್ಟ್ ಅಡಿಗೆ ಹೋಗಿತ್ತು. ಅವರು ಒಂದು ತಿಂಗಳಿಂದ ಬೆಳಿಗ್ಗೆ ಕಿಚಕಿಚ ಶಬ್ದ ಕೇಳುತ್ತಿದ್ದರಂತೆ. ಕೊಯ್ಲಿನ ಗಡಿಬಿಡಿಯಲ್ಲಿ ಬರಲು ಆಗಿರಲಿಲ್ಲ. ಆವತ್ತಿನಿಂದ ಟೈಮಿಂಗ್ ಕೆಲಸಕ್ಕೆ ಬಂದ ಯಾವ ಕಾರಿಗೂ ನಾನು ಹಳೇ ಆಲ್ಟರ್ನೇಟರ್ ಬೆಲ್ಟ್ ವಾಪಸ್ ಹಾಕಿಲ್ಲ.

ಪ್ರಶ್ನೆ: ನನ್ನ ಕಾರಿನಲ್ಲಿ ಇರುವುದು ಬೆಲ್ಟಾ, ಚೈನಾ? ಹೇಗೆ ತಿಳಿಯುವುದು? ಚೈನ್ ಇದ್ದರೆ ಚಿಂತೆ ಇಲ್ಲವಾ? ಮೊದಲೆಲ್ಲ ಈ ಬೆಲ್ಟ್ ಇರಲಿಲ್ಲ ಅಂತ ನಮ್ಮ ತಂದೆ ಹೇಳುತ್ತಾರೆ. (ಧಾರವಾಡ)

ಉತ್ತರ: ತಂದೆಯವರು ಹೇಳಿದ್ದು ನಿಜ. ಅಂಬಾಸಿಡರ್‌ನ ಹಳೇ ಪೆಟ್ರೋಲ್ ಎಂಜಿನ್, ಪ್ರೀಮಿಯರ್ ಪದ್ಮಿನಿ, ಇವುಗಳಲ್ಲಿ ಕ್ಯಾಮ್ ಕೆಳಗೆ ಕ್ರ್ಯಾಂಕ್ ಪಕ್ಕದಲ್ಲೇ ಇತ್ತು. ಚಿಕ್ಕ ಚೈನ್ ಸಾಕಾಗುತ್ತಿತ್ತು. ಕ್ಯಾಮ್ ಮೇಲೆ ಹೆಡ್‌ಗೆ ಹೋದ ಮೇಲೆ ದೂರ ಜಾಸ್ತಿ ಆಯಿತು. ಉದ್ದ ಚೈನ್‌ಗೆ ಶಬ್ದ ಜಾಸ್ತಿ, ಖರ್ಚೂ ಜಾಸ್ತಿ. 1960ರ ದಶಕದ ಮೊದಲಲ್ಲಿ ಜರ್ಮನಿಯ ಗ್ಲಾಸ್ ಎಂಬ ಸಣ್ಣ ಕಂಪನಿ ತನ್ನ 1004 ಕಾರಿಗೆ ಹಲ್ಲಿನ ರಬ್ಬರ್ ಬೆಲ್ಟ್ ಹಾಕಿ ಮಾರಿತು. 1966ರಲ್ಲಿ ಆ ಕಂಪನಿಯನ್ನು ಬಿಎಂಡಬ್ಲ್ಯು ಕೊಂಡುಕೊಂಡಿತು. ಬೆಲ್ಟ್ ಮಾತ್ರ ಲೋಕವೆಲ್ಲ ಹರಡಿತು. ನಮ್ಮಲ್ಲಿ ಮನೆಮನೆಗೆ ತಂದದ್ದು ಮಾರುತಿ 800.

ನಮ್ಮ ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಹೇಳುವುದಾದರೆ, ಮಾರುತಿ 800, ಹಳೇ ಓಮ್ನಿ, ಹಳೇ ಜೆನ್, ಸ್ಯಾಂಟ್ರೋ, ಇಂಡಿಕಾ ಡೀಸೆಲ್, ಮೊದಲ ಇನ್ನೋವಾದ 2.5 ಡೀಸೆಲ್, ಡಸ್ಟರ್ 1.5 ಡೀಸೆಲ್, ಇವೆಲ್ಲ ಬೆಲ್ಟ್. ಮಾರುತಿಯ ಕೆ-ಸೀರೀಸ್ ಪೆಟ್ರೋಲ್, ಸ್ವಿಫ್ಟ್‌ನ 1.3 ಡೀಸೆಲ್, ಇನ್ನೋವಾ ಕ್ರಿಸ್ಟಾ ಡೀಸೆಲ್, ಇವು ಚೈನ್. ಹೋಂಡಾ ಸಿಟಿಯಲ್ಲಿ 1998ರ ಮೊದಲ ಮಾಡೆಲ್ ಬೆಲ್ಟ್, 2003ರ ನಂತರದ್ದು ಚೈನ್. ಹೊಸ ಕಾರು ಎಂದರೆ ಚೈನ್ ಅಂತ ಅಂದುಕೊಳ್ಳಬೇಡಿ. ಈಗಿನ ಕುಶಾಕ್, ಟೈಗುನ್‌ಗಳ 1.0 ಟರ್ಬೊ ಪೆಟ್ರೋಲ್‌ನಲ್ಲೂ ಬೆಲ್ಟ್ ಇದೆ. ಒಂದೇ ಹೆಸರಿನ ಕಾರಿನಲ್ಲಿ ಪೆಟ್ರೋಲ್‌ಗೆ ಒಂದು, ಡೀಸೆಲ್‌ಗೆ ಇನ್ನೊಂದು ಇರುತ್ತದೆ. ಹಾಗಾಗಿ ಪುಸ್ತಕದ ಸರ್ವಿಸ್ ಪಟ್ಟಿ ನೋಡುವುದೇ ಸರಿ. ಕಣ್ಣಿನಲ್ಲಿ ನೋಡುವುದಾದರೆ, ಎಂಜಿನ್‌ನ ಒಂದು ಬದಿಯಲ್ಲಿ ಕ್ಲಿಪ್ ಹಾಕಿದ ಪ್ಲಾಸ್ಟಿಕ್ ಕವರ್ ಇದ್ದರೆ ಸಾಮಾನ್ಯವಾಗಿ ಬೆಲ್ಟ್. ಬೋಲ್ಟ್ ಹಾಕಿ ಸೀಲ್ ಮಾಡಿದ ಅಲ್ಯೂಮಿನಿಯಂ ಕವರ್ ಇದ್ದರೆ ಚೈನ್. ಚೈನ್‌ಗೆ ಆಯಿಲ್ ಬೇಕು, ಅದಕ್ಕೇ ಆ ಗಟ್ಟಿ ಕವರ್. ಇದಕ್ಕೆ ಒಂದು ಅಪವಾದ ಇದೆ. ಫೋರ್ಡ್ ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್‌ನಲ್ಲಿ ಬೆಲ್ಟೇ ಆಯಿಲ್‌ನಲ್ಲಿ ನೆನೆದು ಓಡುತ್ತದೆ. ಅಂಥ ಎಂಜಿನ್‌ಗೆ ಕಂಪನಿ ಹೇಳಿದ ಆಯಿಲ್ ಬಿಟ್ಟು ಬೇರೆ ಹಾಕಲೇಬೇಡಿ. ತಪ್ಪು ಆಯಿಲ್ ಬೆಲ್ಟ್ ರಬ್ಬರ್ ಅನ್ನು ತಿನ್ನುತ್ತದೆ. ಆ ಚೂರುಗಳು ಆಯಿಲ್ ಪಂಪ್ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತವೆ.

ಚೈನ್‌ಗೆ ಬದಲಾಯಿಸುವ ದಿನಾಂಕ ಇಲ್ಲ, ಆದರೆ ಆಯಿಲ್ ಸರಿಯಾಗಿ ಬದಲಾಗದಿದ್ದರೆ ಅದೂ ಹಿಗ್ಗುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಒಂದೆರಡು ಸೆಕೆಂಡ್ ಗರಗರ ಶಬ್ದ ಬಂದರೆ ತೋರಿಸಿ. ಚೈನ್ ಹಾಗೆ ಮೊದಲೇ ಹೇಳುತ್ತದೆ. ಬೆಲ್ಟ್ ಹೇಳುವುದಿಲ್ಲ.

ಪ್ರಶ್ನೆ: ಸರ್, ನಾನು ಐಟಿಐ ಮುಗಿಸಿ ಗದಗದಲ್ಲಿ ಗ್ಯಾರೇಜಿಗೆ ಸೇರಿ ಎಂಟು ತಿಂಗಳಾಯಿತು. ಟೈಮಿಂಗ್ ಬೆಲ್ಟ್ ಕೆಲಸ ಇನ್ನೂ ನನ್ನ ಕೈಗೆ ಕೊಟ್ಟಿಲ್ಲ. ಕೊಟ್ಟಾಗ ಏನೇನು ಜಾಗ್ರತೆ ಬೇಕು?

ಉತ್ತರ: ತಮ್ಮಾ, ಕೇಳಿದ್ದು ತುಂಬ ಖುಷಿ ಆಯಿತು. ಎಂಟು ತಿಂಗಳಿಗೆ ಕೊಡದೆ ಇದ್ದರೆ ನಿನ್ನ ಮೇಸ್ತ್ರಿ ಸರಿಯಾದವರು. ಅವರ ಪಕ್ಕ ನಿಂತು ನೋಡು.

ಎಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿ ಕಳಚು, ಯಾರೋ ಮರೆತು ಕೀ ತಿರುಗಿಸಬಾರದು. ಹೊಸ ಬೆಲ್ಟ್ ಅನ್ನು ಡಬ್ಬದಿಂದ ತೆಗೆದ ಮೇಲೆ ಮಡಿಸಬೇಡ, ತಿರುಚಬೇಡ, ಒಳಗಿನ ಗಾಜಿನ ಎಳೆ ಮುರಿದರೆ ಹೊರಗೆ ಕಾಣುವುದಿಲ್ಲ. ಕೈಗೆ ಆಯಿಲ್ ಇರಬಾರದು. ಸ್ಕ್ರೂಡ್ರೈವರ್ ಹಾಕಿ ಮೀಟಿ ಕೂರಿಸಬೇಡ.

ಗುರುತು ಹೊಂದಿಸುವ ವಿಷಯದಲ್ಲಿ ಜಾಸ್ತಿ ಹೇಳಬೇಕು. ನಮ್ಮಲ್ಲಿ ಒಂದು ಅಭ್ಯಾಸ ಇದೆ. ಹಳೇ ಬೆಲ್ಟ್ ತೆಗೆಯುವ ಮುಂಚೆ ಪುಲ್ಲಿಗೂ ಬೆಲ್ಟ್‌ಗೂ ವೈಟ್‌ನರ್‌ನಲ್ಲಿ ಗೆರೆ ಎಳೆಯುವುದು, ಹಲ್ಲು ಎಣಿಸಿ ಹೊಸದಕ್ಕೆ ಅದೇ ಗೆರೆ ಹಾಕುವುದು. ನಾನೂ ಮೊದಲು ಹಾಗೇ ಕಲಿತೆ. ಆದರೆ ಹಿಂದಿನವನು ಒಂದು ಹಲ್ಲು ತಪ್ಪಿ ಕೂರಿಸಿದ್ದರೆ? ನೀನು ಆ ತಪ್ಪನ್ನೇ ನಕಲು ಮಾಡುತ್ತೀಯ. ಕಂಪನಿ ಕೊಟ್ಟ ಗುರುತನ್ನೇ ನೋಡು. ಕೆಲವು ಎಂಜಿನ್‌ಗಳಲ್ಲಿ ಗುರುತು ಇರುವುದಿಲ್ಲ. ಕ್ಯಾಮ್‌ಗೆ ಒಂದು, ಕ್ರ್ಯಾಂಕ್‌ಗೆ ಒಂದು ಪಿನ್ ತೂರಿಸಿ ಲಾಕ್ ಮಾಡಬೇಕು. ಅಂಥ ಎಂಜಿನ್‌ಗೆ ಆ ಟೂಲ್ ಇಲ್ಲದೆ ಕೈ ಹಾಕಬೇಡ. ಪಿನ್ ಬರೀ ಜಾಗ ತೋರಿಸಲು. ಪಿನ್ ಆಧಾರದಲ್ಲಿ ಪುಲ್ಲಿ ಬೋಲ್ಟ್ ಬಿಚ್ಚಿದರೆ ಪಿನ್ ಮುರಿಯುತ್ತದೆ.

ಬೆಲ್ಟ್ ಕಟ್ ಆಗಿ ಬಂದ ಎಂಜಿನ್ ಆದರೆ ಇನ್ನೊಂದು ಎಚ್ಚರ ಬೇಕು. ಕ್ಯಾಮ್ ತಿರುಗಿಸುವ ಮೊದಲು ಕ್ರ್ಯಾಂಕ್ ಅನ್ನು ಕಾಲು ಸುತ್ತು ಸರಿಸಿ, ನಾಲ್ಕೂ ಪಿಸ್ಟನ್ ಅರ್ಧ ದಾರಿಯಲ್ಲಿ ಇರುವ ಹಾಗೆ ಮಾಡಿಕೋ. ಸರಿಸುವಾಗ ತಡೆ ಸಿಕ್ಕರೆ ಬಲ ಹಾಕಬೇಡ, ಮೇಸ್ತ್ರಿಯನ್ನು ಕರೆ. ಪಿಸ್ಟನ್ ಅರ್ಧದಲ್ಲಿದ್ದರೆ ಕ್ಯಾಮ್ ತಿರುಗಿಸಿದಾಗ ವಾಲ್ವ್‌ಗೆ ಅದು ತಾಗುವುದಿಲ್ಲ. ಉಳಿದಿರುವ ಒಳ್ಳೇ ವಾಲ್ವ್ ನಿನ್ನ ಕೈಯಲ್ಲಿ ಹಾಳಾಗಬಾರದು.

ಟೆನ್ಷನರ್‌ನಲ್ಲಿ ಮುಳ್ಳು ಮತ್ತು ಕಚ್ಚು ಇದ್ದರೆ ಅದನ್ನೇ ಹೊಂದಿಸು, ಅಂದಾಜು ಬೇಡ. ಬಿಗಿ ಜಾಸ್ತಿ ಆದರೆ ಎಂಜಿನ್ ಓಡುವಾಗ ಕುಂಯ್ ಅಂತ ಎಳೆದ ಹಾಗೆ ಕೇಳುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಎಲ್ಲ ಆದ ಮೇಲೆ ಪಿನ್ ತೆಗೆದು, ಕ್ರ್ಯಾಂಕ್ ಬೋಲ್ಟ್‌ಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಸುತ್ತು ತಿರುಗಿಸು. ಮೆಲ್ಲಗೆ. ಎಲ್ಲಾದರೂ ಟಕ್ ಅಂತ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸು, ಒಂದು ಕೂದಲೆಳೆ ಮುಂದೆ ಹೋಗಬೇಡ. ಲೋಹಕ್ಕೆ ಲೋಹ ತಾಗುವುದು ಪಾನಾದಿಂದ ಬೆರಳಿಗೆ ತಿಳಿಯುತ್ತದೆ. ಗಾಳಿಯ ಒತ್ತಡ ಸ್ಪ್ರಿಂಗ್ ಹಾಗೆ ಬಾಗಿ ಬಿಡುತ್ತದೆ, ಲೋಹ ಬಾಗುವುದಿಲ್ಲ. ಈ ವ್ಯತ್ಯಾಸ ಪುಸ್ತಕದಲ್ಲಿ ಸಿಗುವುದಿಲ್ಲ. ನಿನ್ನ ಮೇಸ್ತ್ರಿ ತಿರುಗಿಸುವಾಗ ಪಾನಾದ ಮೇಲೆ ಅವರ ಕೈ ಪಕ್ಕ ನಿನ್ನ ಕೈಯನ್ನೂ ಇಡಲು ಬಿಡಿ ಅಂತ ಕೇಳು. ಎರಡು ಸುತ್ತಿನ ನಂತರ ಗುರುತುಗಳು ಮತ್ತೆ ಅದೇ ಜಾಗಕ್ಕೆ ಬರಬೇಕು, ಪಿನ್ ಸಲೀಸಾಗಿ ಒಳಗೆ ಹೋಗಬೇಕು. ಆಮೇಲೆ ಪಿನ್ ತೆಗೆದೆಯಾ ಅಂತ ನೋಡಿಕೊಂಡು, ಬ್ಯಾಟರಿ ಹಾಕಿ, ಕೀ ತಿರುಗಿಸು.

ಕೆಲಸ ಮುಗಿದ ಮೇಲೆ ಒಂದು ಸ್ಟಿಕ್ಕರ್‌ನಲ್ಲಿ ದಿನಾಂಕ ಮತ್ತು ಕಿಲೋಮೀಟರ್ ಬರೆದು ಬಾನೆಟ್ ಒಳಗೆ ಅಂಟಿಸು. ಮಾಲೀಕರ ಫೋನಿನಲ್ಲೂ ಅದರ ಫೋಟೋ ತೆಗೆಸು. ತೀರ್ಥಹಳ್ಳಿಯ ಟೀಚರ್ ಕಾರಿಗೆ ಯಾರಾದರೂ ಅಂಥದ್ದೊಂದು ಅಂಟಿಸಿದ್ದರೆ ಅವರು ಅದನ್ನು ಓದಿರುತ್ತಿದ್ದರು.